ಸ್ತಾಸೆಯ ಪಾಲಿನ ಜಾಗ

ಆ ಶನಿವಾರದ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಸ್ತಾಸೆಯನ್ನು ಹನ್ನೊಂದು ಸಲ ದಾಟಿ ಹೋದರು. ದಾಟಿದವಳು ಒಬ್ಬಳೇ: ಷಿಲ್ಗಾಲೆಯ್ ತಂಡದ ಯೊವಿತಾ, ಮೂವತ್ತಾರರ ಹೆಂಗಸು, ಉದ್ದ ಕಾಲಿನವಳು. ಎಣಿಸಿದವಳು ಸ್ತಾಸೆ. ಐವತ್ನಾಲ್ಕು ವರ್ಷದ ಅವಳಿಗೆ ಎಣಿಸುವುದನ್ನು ಬಿಟ್ಟು ಬೇರೇನೂ ಮಾಡಲು ಆಗಲಿಲ್ಲ.

ಷಿಲ್ಗಾಲೆಯ್‌ನವರ ಉಪಾಯ ಸರಳವಾಗಿತ್ತು. ಯೊವಿತಾ ಬುಟ್ಟಿಯ ಕೆಳಗೆ ನಿಲ್ಲದೆ ಹೊರಕ್ಕೆ ಬರುವಳು. ಅವಳನ್ನು ಕಾಯಬೇಕಾದ ಸ್ತಾಸೆಯೂ ಹಿಂದೆಯೇ ಹೊರಕ್ಕೆ ಬರಬೇಕು. ಚೆಂಡು ಕೈಗೆ ಸಿಕ್ಕ ಕೂಡಲೇ ಯೊವಿತಾ ಎಡಕ್ಕೆ ತಿರುಗಿ ಓಡುವಳು. ಸ್ತಾಸೆ ತನ್ನ ನೋಯುವ ಎಡಗಾಲಿನ ಮೇಲೆ ಭಾರ ಹಾಕಿ ತಿರುಗುವ ಹೊತ್ತಿಗೆ ಅವಳ ಎದುರು ಖಾಲಿ ನೆಲವಷ್ಟೇ ಉಳಿದಿರುತ್ತಿತ್ತು. ಎರಡನೇ ಅರ್ಧದಲ್ಲಿ ಎದುರು ಬೆಂಚಿನಿಂದ ಯಾರೋ ಬಾಯಿ ಬಿಟ್ಟೇ ಕೂಗಿದರು: "ಹಾಲಿನ ಲಾರಿ ಕಡೆಯಿಂದ ಹೋಗ್ರೇ! ಅದು ಹಿಂದಕ್ಕೆ ತಿರುಗಲ್ಲ!"

ಕೂಗಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸ್ತಾಸೆ ಮೂವತ್ತು ವರ್ಷದಿಂದ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದಳು. ದಿನಕ್ಕೆ ಇಪ್ಪತ್ತಾರು ಕಡೆ ನಿಲ್ಲಿಸಿ, ಎತ್ತರದ ಸೀಟಿನಿಂದ ಎಡಗಾಲು ಮೊದಲಿಟ್ಟು ಇಳಿದು, ಹಾಲು ಮೂಸಿ, ಸ್ಯಾಂಪಲ್ ತೆಗೆದು, ಪೈಪು ಜೋಡಿಸಿ, ಮತ್ತೆ ಹತ್ತಬೇಕು. ಚಳಿಗಾಲದಲ್ಲಿ ಇಳಿಯುವ ಜಾಗವೆಲ್ಲ ಮಂಜುಗಡ್ಡೆ. ಡಾಕ್ಟರು ಎಕ್ಸ್‌ರೇ ನೋಡಿ, "ಈ ಮೊಣಕಾಲು ನಿಮಗಿಂತ ಹದಿನೈದು ವರ್ಷ ದೊಡ್ಡದು" ಎಂದಿದ್ದರು.

ಅಂದು ಸಂಜೆ ಗಂಡ ಲಿಯೋನಾಸ್ ಎಲೆಕೋಸಿನ ದೊಡ್ಡ ಎಲೆಯೊಂದನ್ನು ಲಟ್ಟಣಿಗೆಯಿಂದ ಜಜ್ಜಿ, ಜೇನು ಸವರಿ, ಅವಳ ಮೊಣಕಾಲಿಗೆ ಕಟ್ಟಿದ. ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸ ಹರಿತ ಮಾಡುವ ಕೆಲಸದ ಅವನಿಗೆ ಮಾತು ಕಡಿಮೆ.

"ಸಾಕು ಅನ್ನಿಸ್ತಿದೆ," ಎಂದಳು ಸ್ತಾಸೆ.

"ಬಿಗಿ ಆಯ್ತಾ? ಸಡಿಲ ಮಾಡ್ಲಾ?"

"ಬಟ್ಟೆ ಅಲ್ಲ. ಆಟ."

ಲಿಯೋನಾಸ್ ಗಂಟು ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ಕೇಳಿದ: "ಮತ್ತೆ ಮಂಗಳವಾರ ಏನ್ಮಾಡ್ತೀಯ?"

ತನ್ನೂರು ವಾರ್ನುಪೆಯ ಶಾಲೆಯ ಆಟದ ಹಾಲ್‌ಗೆ ಅವಳು ಹದಿನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಹೋದದ್ದು. ಅಂದಿನಿಂದ ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರು ಗಂಟೆ ಅವಳದಲ್ಲ, ಹಾಲ್‌ನದು. ಎರಡು ಹೆರಿಗೆಗೆ, ಒಮ್ಮೆ ಅಪ್ಪನ ಮಣ್ಣಿಗೆ, ಒಮ್ಮೆ ಟ್ಯಾಂಕರ್ ಹಳ್ಳಕ್ಕೆ ಇಳಿದಾಗ ತಪ್ಪಿದ್ದು ಬಿಟ್ಟರೆ ತಪ್ಪಿಸಿಕೊಂಡವಳಲ್ಲ. ಸಾಮೂಹಿಕ ಫಾರ್ಮು ಮುಚ್ಚಿತು, ಹಾಲಿನ ಡೇರಿಗೆ ಮೂರು ಸಲ ಹೆಸರು ಬದಲಾಯಿತು, ದೇಶದ ಬಾವುಟವೇ ಬದಲಾಯಿತು. ಮಂಗಳವಾರ ಬದಲಾಗಿರಲಿಲ್ಲ.

ಆದರೆ ಜಿಲ್ಲೆಯ ಲೀಗ್‌ನಲ್ಲಿ ಒಂದು ತಂಡಕ್ಕೆ ಹತ್ತೇ ಹೆಸರು. ವಸಂತದ ಸುತ್ತಿಗೆ ಪಟ್ಟಿ ಕೊಡಲು ಮುಂದಿನ ವಾರ ಕಳೆದು ಬರುವ ಸೋಮವಾರ ಕೊನೆಯ ದಿನ. ಪಕ್ಕದ ಮನೆಯ ನರ್ಸ್ ಸ್ಕಿರ್ಮಾಂತೆ, ಓಡಬಲ್ಲವಳು, ಹನ್ನೊಂದನೆಯವಳಾಗಿ ಎರಡು ತಿಂಗಳಿಂದ ಬರೀ ಅಭ್ಯಾಸಕ್ಕೆ ಬರುತ್ತಿದ್ದಳು. ತಾನು ಹಿಡಿದು ಕೂತ ಜಾಗ ಆ ಹುಡುಗಿಯದ್ದು ಎಂದು ಸ್ತಾಸೆಗೆ ಆ ರಾತ್ರಿ ಖಚಿತವಾಯಿತು.

ಮಂಗಳವಾರ ಅವಳು ಬಟ್ಟೆ ಬದಲಾಯಿಸುವ ಮುಂಚೆಯೇ ಮೇಷ್ಟರ ಹತ್ತಿರ ಹೋಗಿ ನಿಂತಳು.

ಫೆಲಿಕ್ಸಾಸ್ ಮೇಷ್ಟರಿಗೆ ಎಪ್ಪತ್ತೆರಡು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಕತ್ತಿನಲ್ಲಿ ಸೀಟಿ ಇತ್ತು. ತಂಡದ ಮುಕ್ಕಾಲು ಪಾಲು ಹೆಂಗಸರು ಅವರ ಹಳೇ ವಿದ್ಯಾರ್ಥಿನಿಯರು. ಮೊಮ್ಮಕ್ಕಳನ್ನು ಕಂಡವರನ್ನೂ ಅವರು 'ಹುಡುಗೀರಾ' ಎಂದೇ ಕರೆಯುತ್ತಿದ್ದರು.

"ಮೇಷ್ಟ್ರೇ, ಪಟ್ಟೀಲಿ ನನ್ನ ಹೆಸರು ಹೊಡೆದುಹಾಕಿ. ಸ್ಕಿರ್ಮಾಂತೆದು ಬರೀರಿ."

ಮೇಷ್ಟರು ಚೆಂಡಿಗೆ ಗಾಳಿ ತುಂಬುತ್ತಿದ್ದರು. ತಲೆ ಎತ್ತಲಿಲ್ಲ. "ಕಾಲು ಹೇಗಿದೆ?"

"ಇದ್ದ ಹಾಗೇ ಇದೆ. ಅದಕ್ಕೇ ಹೇಳ್ತಿರೋದು."

ಈ ಮಾತು ಲೈಮುತೆಯ ಕಿವಿಗೆ ಬಿತ್ತು. ಶಾಲೆಯ ಅಡುಗೆಮನೆ ನಡೆಸುವ ಗಿಡ್ಡ, ಗುಂಡಗಿನ ಹೆಂಗಸು ಅವಳು. ಸ್ತಾಸೆಯ ಜತೆಗೇ ಆಡಲು ಶುರು ಮಾಡಿದವಳು. ಒಂದು ಕಾಲಿಗೆ ಶೂ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಂದಳು.

"ಏನೇ ಇದು? ನಿನ್ನ ಬದಲಿಗೆ ಬುಟ್ಟಿ ಕೆಳಗೆ ನಾನು ನಿಂತ್ಕೊಳ್ಳೋದಾ? ನನ್ನ ತಲೆ ಮೇಲೆ ಅವರು ಚಹಾ ಲೋಟ ಇಟ್ಟು ಹೋಗ್ತಾರೆ!" ಅಷ್ಟು ಹೇಳಿ ಮೇಷ್ಟರ ಕಡೆ ತಿರುಗಿದಳು. "ಮೇಷ್ಟ್ರೇ, ಝೋನ್ ಆಡೋಣ."

ಹಾಲ್‌ನಲ್ಲಿ ಚೆಂಡುಗಳ ಸದ್ದು ನಿಂತಿತು. ಆ ಪದವನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ. ನಲವತ್ತು ವರ್ಷ ಮೇಷ್ಟರು ಕಲಿಸಿದ್ದು ಒಂದೇ: ನಿನ್ನ ಎದುರಿನವಳು ನಿನ್ನ ಜವಾಬ್ದಾರಿ. ಅವಳು ಹೋದಲ್ಲಿಗೆ ನೀನು ಹೋಗು. ಅವಳು ನೀರು ಕುಡಿಯಲು ಹೋದರೆ ನೀನೂ ಬಾಯಾರಿಕೆ ಮಾಡಿಕೋ. ಎದುರಾಳಿಯನ್ನು ಬಿಟ್ಟು ಜಾಗ ಕಾಯುವ ಝೋನ್ ಆಟ ಅವರ ಪ್ರಕಾರ ಸೋಮಾರಿಗಳದ್ದು, ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗುವವರದ್ದು.

"ಝೋನ್‌ನಲ್ಲಿ ತಪ್ಪು ಯಾರದು ಅಂತಾನೇ ಗೊತ್ತಾಗಲ್ಲ," ಎಂದರು ಮೇಷ್ಟರು. "ಯಾರದೂ ಅಲ್ಲದ ತಪ್ಪನ್ನ ತಿದ್ದೋದು ಹೇಗೆ?"

"ಗೊತ್ತಾಗದೆ ಏನು?" ಎಂದಳು ಲೈಮುತೆ. "ಸೆಪ್ಟೆಂಬರಲ್ಲಿ ನಿಮ್ಮ ಹೊಲದಲ್ಲಿ ಆಲೂಗಡ್ಡೆ ಆರಿಸೋವಾಗ ನೀವೇನು ಮಾಡ್ತೀರಿ? ಸಾಲಿನುದ್ದಕ್ಕೂ ಹೆಜ್ಜೆ ಅಳೆದು, ಕಡ್ಡಿ ನೆಟ್ಟು, ಒಬ್ಬೊಬ್ಬರಿಗೆ ಒಂದೊಂದು ಪಾಲು ಕೊಡಲ್ವಾ? ಕುದುರೆ ನೇಗಿಲು ಎಳ್ಕೊಂಡು ಹೋಗತ್ತೆ. ಅದರ ಹಿಂದೆ ನಾವು ಓಡ್ತೀವಾ? ನಮ್ಮ ಪಾಲಲ್ಲಿ ಮೇಲೆ ಬಿದ್ದಿದ್ದನ್ನ ನಾವು ಆರಿಸ್ತೀವಿ. ಯಾರ ಪಾಲಲ್ಲಿ ಗೆಡ್ಡೆ ಉಳೀತು ಅಂತ ನೀವು ಸಾಲಿನ ತುದೀಲಿ ನಿಂತೇ ಹೇಳ್ತೀರಿ. ಹೇಳಿ ಮಾನನೂ ಕಳೀತೀರಿ."

ಯಾರೋ ನಕ್ಕರು. ಮೇಷ್ಟರು ನಗಲಿಲ್ಲ. ಅವರು ತರಬೇತಿಗೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದರ ಬದಲಿಗೆ ಇಡೀ ತಂಡ ವರ್ಷಕ್ಕೊಂದು ದಿನ ಅವರ ಆಲೂಗಡ್ಡೆ ಆರಿಸಿ, ಹೊಗೆಯಾಡಿಸಿದ ಹಂದಿಮಾಂಸ, ಹುಳಿ ಎಲೆಕೋಸು ತಿಂದು ಬರುವುದು ವಾಡಿಕೆ. ಅವರು ಸೀಟಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಹೊರಗೆ ಹೋದರು. ಸಿಟ್ಟಾದರೆಂದೇ ಎಲ್ಲರೂ ಅಂದುಕೊಂಡರು. ಬರುವಾಗ ತರಗತಿಯಿಂದ ಸೀಮೆಸುಣ್ಣ ತಂದಿದ್ದರು.

ಮುಂದೆ ಎರಡು, ಹಿಂದೆ ಮೂರು, ಹೀಗೆ ಐದು ಪಾಲು ಎಳೆದರು. ಹಿಂದಿನ ಸಾಲಿನ ನಡುವೆ, ಬುಟ್ಟಿಯ ಕೆಳಗೆ ಸ್ತಾಸೆ. ಮುಂದೆ ಬಲಕ್ಕೆ ಲೈಮುತೆ, ಎಡಕ್ಕೆ ಜೀತಾ. ಎದುರಾಳಿಗಳಾಗಿ ಉಳಿದವರು, ಅವರಲ್ಲಿ ಸ್ಕಿರ್ಮಾಂತೆಯೂ ಒಬ್ಬಳು.

ಮೊದಲ ಅರ್ಧ ಗಂಟೆ ನೋಡುವ ಹಾಗಿರಲಿಲ್ಲ. ಇಬ್ಬರು ಒಂದೇ ಚೆಂಡಿಗೆ ಹೋಗಿ ಹಣೆಗೆ ಹಣೆ ಬಡಿಸಿಕೊಂಡರು. ಒಬ್ಬಳು ತನ್ನ ಪಾಲಿನ ಗೆರೆಯ ಮೇಲೆ ಕಾಲು ಜೋಡಿಸಿ ನಿಂತು, ಒಂದಡಿ ಆಚೆ ಹೋದ ಚೆಂಡನ್ನು ಮರ್ಯಾದೆಯಿಂದ ಕಳಿಸಿಕೊಟ್ಟಳು. ಇವೆಲ್ಲ ತಿದ್ದುವಂಥ ತಪ್ಪುಗಳು. ತಿದ್ದಲಾಗದ ತಪ್ಪು ಬೇರೆಯಿತ್ತು. ಚೆಂಡು ಸ್ತಾಸೆಯ ಪಾಲಿಗೆ ಬಂದ ಕೂಡಲೇ ನಾಲ್ವರೂ ತಮ್ಮ ಜಾಗ ಬಿಟ್ಟು ಅವಳ ಹತ್ತಿರ ಓಡಿ ಬರುತ್ತಿದ್ದರು. ಹೊಲದಲ್ಲೂ ಹಾಗೆಯೇ: ಒಬ್ಬಳು ಹಿಂದೆ ಬಿದ್ದರೆ ಉಳಿದವರು ಬುಟ್ಟಿ ಹಿಡಿದು ಅವಳ ಪಾಲಿಗೆ ಇಳಿಯುವುದು ವಾರ್ನುಪೆಯವರ ರಕ್ತದಲ್ಲೇ ಇತ್ತು. ಇಲ್ಲಿ ಮಾತ್ರ ಅವರು ಬಿಟ್ಟುಬಂದ ಮೂಲೆಗೆ ಸ್ಕಿರ್ಮಾಂತೆ ನಡೆದುಕೊಂಡೇ ಹೋಗಿ ಚೆಂಡು ಹಾಕುತ್ತಿದ್ದಳು.

ಆರನೇ ಸಲ ಹಾಗಾದಾಗ ಸ್ತಾಸೆ ಚೆಂಡನ್ನು ನೆಲಕ್ಕೆ ಕುಕ್ಕಿದಳು.

"ನಾನೇನು ಸಾಲಲ್ಲಿ ಹಿಂದೆ ಬಿದ್ದ ಮುದುಕೀನಾ? ನನಗೋಸ್ಕರ ಆಟಾನೇ ಬದಲಾಯಿಸ್ತಿದ್ದೀರಿ. ಬೇಡ ಕಣ್ರೇ. ಹಾಗೆ ಉಳಿಯೋದಕ್ಕಿಂತ ಹೋಗೋದು ಮೇಲು."

ಬಟ್ಟೆ ಬದಲಾಯಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾರೂ ಹಿಂದೆ ಹೋಗುವ ಧೈರ್ಯ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲಿನ ಹೊರಗೆ ಬೆಂಚು ಎಳೆದ ಸದ್ದಾಯಿತು. ಮೇಷ್ಟರು ಕೂತಿದ್ದರು.

"ಹದಿನಾರು ವರ್ಷದವಳಿದ್ದಾಗಲೂ ಇದೇ ಬಾಗಿಲು ಹಾಕ್ಕೊಂಡಿದ್ದೆ," ಎಂದರು ಅವರು ಬಾಗಿಲಿಗೆ. "ಆವತ್ತು ನಿನ್ನ ಕೂದಲಿಗೆ ಯಾರೋ ಏನೋ ಅಂದಿದ್ರು."

"ಲೈಮುತೆ ಅಂದಿದ್ದು. ಹುಲ್ಲಿನ ಬಣವೆ ಅಂತ."

"ನಿಜಾನೇ ಅಂದಿದ್ಲು."

ಮೇಷ್ಟರು ಬೆಂಚನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

"ನನಗೆ ಝೋನ್ ಇಷ್ಟ ಇಲ್ಲ, ಸ್ತಾಸೆ. ಇವತ್ತು ನೋಡಿದ ಮೇಲೆ ಇನ್ನೂ ಇಷ್ಟ ಇಲ್ಲ. ಆದ್ರೆ ಶನಿವಾರ ಅದೇ ಯೊವಿತಾ ನಮ್ಮ ಊರಿಗೇ ಬರ್ತಾಳೆ. ಹೋಗೋದಾದ್ರೆ ಹನ್ನೊಂದು ಸಲ ದಾಟಿಸ್ಕೊಂಡವಳಾಗಿ ಹೋಗಬೇಡ. ಅದೊಂದು ಆಟ ಆಡು. ಪಟ್ಟೀಲಿ ಹತ್ತನೇ ಸಾಲು ಖಾಲಿ ಬಿಟ್ಟಿರ್ತೀನಿ. ಶನಿವಾರ ನೀನೇ ಬರಿ, ನಿನ್ನ ಹೆಸರೋ ಅವಳ ಹೆಸರೋ."

"ನೀವೂ ಎಣಿಸಿದ್ರಾ?" ಎಂದಳು ಸ್ತಾಸೆ.

"ಮೇಷ್ಟ್ರು ಕಣೆ ನಾನು."

ಶುಕ್ರವಾರ ಆರು ಗಂಟೆಗೆ ಸ್ತಾಸೆ ಬಂದು ಬುಟ್ಟಿಯ ಕೆಳಗಿನ ತನ್ನ ಪಾಲಿನಲ್ಲಿ ನಿಂತಳು.

ಶನಿವಾರ ಹಾಲ್‌ನ ಮರದ ಮೆಟ್ಟಿಲುಗಳ ಮೇಲೆ ಅರವತ್ತು ಜನ ಕೂತಿದ್ದರು. ರಜಾದಿನ ಶಾಲೆಯ ಹೀಟರ್ ಅರ್ಧಕ್ಕೆ ಇಳಿಸುವ ಕಾರಣ ಯಾರೂ ಕೋಟು ಬಿಚ್ಚಿರಲಿಲ್ಲ. ಲಿಯೋನಾಸ್ ಎಂದಿನಂತೆ ಬಾಗಿಲ ಪಕ್ಕ ನಿಂತೇ ಇದ್ದ.

ಮೇಷ್ಟರು ಮೊದಲ ಅರ್ಧ ತಮ್ಮ ಹಳೆಯ ಪದ್ಧತಿಯಲ್ಲೇ ಆಡಿಸಿದರು. ನಲವತ್ತು ವರ್ಷದ ನಂಬಿಕೆ ಒಂದು ಮಂಗಳವಾರ, ಒಂದು ಶುಕ್ರವಾರಕ್ಕೆ ಕರಗುವುದಿಲ್ಲ. ಯೊವಿತಾ ಹೊರಕ್ಕೆ ಬಂದಳು, ಎಡಕ್ಕೆ ತಿರುಗಿದಳು, ಹೋದಳು. ನಾಲ್ಕು ಸಲ. ವಿರಾಮದ ಹೊತ್ತಿಗೆ ಹತ್ತೊಂಬತ್ತು, ಇಪ್ಪತ್ತೆಂಟು. ವಾರ್ನುಪೆ ಒಂಬತ್ತು ಪಾಯಿಂಟು ಹಿಂದೆ.

ಬೆಂಚಿನ ಹತ್ತಿರ ಮೇಷ್ಟರು ಶೂ ತುದಿಯಿಂದ ನೆಲದ ಮೇಲೆ ಐದು ಪಾಲು ಎಳೆದು ತೋರಿಸಿದರು.

"ಆಲೂಗಡ್ಡೆ," ಎಂದರು ಕೊನೆಗೆ. "ಆದರೆ ಒಂದು ಮಾತು. ನಿಮ್ಮ ಪಾಲು ಬಿಟ್ಟು ಸ್ತಾಸೆ ಹತ್ರ ಓಡಿ ಬಂದವರಿಗೆ ಈ ವರ್ಷ ನನ್ನ ಹೊಲದಲ್ಲಿ ಊಟ ಇಲ್ಲ."

"ಕುಡಿಯೋಕಾದ್ರೂ ಇರತ್ತಾ?" ಎಂದಳು ಲೈಮುತೆ.

"ಅದೂ ಇಲ್ಲ."

ಎರಡನೇ ಅರ್ಧದ ಮೊದಲ ಕೆಲವು ನಿಮಿಷ ಎದುರು ಪಕ್ಷಕ್ಕೆ ಏನಾಗುತ್ತಿದೆ ಎಂದೇ ಅರ್ಥವಾಗಲಿಲ್ಲ. ಯೊವಿತಾ ಹೊರಕ್ಕೆ ಬಂದಳು. ಸ್ತಾಸೆ ಬರಲಿಲ್ಲ. ಯೊವಿತಾ ಹಿಂತಿರುಗಿ ನೋಡಿದಳು, ಜತೆಗೆ ಬರುವವಳು ಎಲ್ಲಿ ಎಂಬಂತೆ. ಎಡಕ್ಕೆ ತಿರುಗಿ ಓಡಿದಾಗ ಮೂರು ಹೆಜ್ಜೆಗೆ ಒಬ್ಬಳು, ಐದು ಹೆಜ್ಜೆಗೆ ಇನ್ನೊಬ್ಬಳು, ಕೊನೆಗೆ ಬುಟ್ಟಿಯ ಕೆಳಗೆ ಕೈಯೆತ್ತಿ ನಿಂತ ಸ್ತಾಸೆ ಎದುರಾದರು. ಯೊವಿತಾ ಚೆಂಡನ್ನು ಹೊರಗೆ ನಿಂತ ಜತೆಗಾತಿಗೆ ಎಸೆಯಬೇಕಾಯಿತು. ದೂರದಿಂದ ಬುಟ್ಟಿಗೆ ಎಸೆಯೋಣವೆಂದರೆ ಷಿಲ್ಗಾಲೆಯ್‌ನವರ ಬೆರಳು ಚಳಿಗೆ ಮರಗಟ್ಟಿದ್ದವು. ಒಂದು ಬಿತ್ತು, ಮೂರು ಬೀಳಲಿಲ್ಲ.

ಚಂದದ ಆಟವೇನೂ ಅಲ್ಲ. ಕೈಗಳು ತಡವಾಗಿ ಮೇಲೇಳುತ್ತಿದ್ದವು, ಪಾಲುಗಳ ನಡುವಿನ ಸಂದಿಯಲ್ಲಿ ಎರಡು ಸಲ ಚೆಂಡು ಸಲೀಸಾಗಿ ನುಗ್ಗಿತು. ಲೈಮುತೆ ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಲ್ಲೇ ಒಂದು ಸುತ್ತು ತಿರುಗಿದಳು. ಮೆಟ್ಟಿಲಿನಿಂದ ಯಾರೋ, "ಲೈಮುತೆ, ಸಾರು ಉಕ್ತಾ ಇದೆ, ನೋಡು!" ಎಂದರು.

ಸ್ತಾಸೆಗೆ ಮಾತ್ರ ಒಂದು ಹೊಸ ಸಂಗತಿ ಗಮನಕ್ಕೆ ಬಂತು. ನಲವತ್ತು ವರ್ಷ ಅವಳು ಆಡುವಾಗ ನೋಡಿದ್ದು ಒಬ್ಬ ಎದುರಾಳಿಯ ಸೊಂಟವನ್ನು. ಈಗ ಬೆನ್ನಿಗೆ ಗೋಡೆ, ಎದುರಿಗೆ ಇಡೀ ಹಾಲ್. ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದು ಅವಳಿಗೆ ಮೊದಲು ಕಾಣುತ್ತಿತ್ತು, ಉಳಿದ ನಾಲ್ವರಿಗೆ ಕಾಣುತ್ತಿರಲಿಲ್ಲ. ಕಂಡದ್ದನ್ನು ಹೇಳತೊಡಗಿದಳು. "ಜೀತಾ, ಎಡಕ್ಕೆ! ಲೈಮುತೆ, ಹಿಂದೆ ಒಬ್ಬಳಿದ್ದಾಳೆ! ಬಿಡು, ಅವಳು ಎಸೆಯಲ್ಲ, ಬಿಡು!" ಟ್ಯಾಂಕರ್‌ನ ಪಂಪಿನ ಸದ್ದನ್ನು ಮೀರಿ ಅಂಗಳದಾಚೆ ಇರುವವರ ಜತೆ ಮಾತಾಡಿ ಬೆಳೆದ ಗಂಟಲು ಅದು. ಹಾಲ್ ತುಂಬಿತು. ನಾಲ್ವರೂ ಯೋಚಿಸುವುದನ್ನು ಬಿಟ್ಟು ಕಿವಿ ಹೇಳಿದ ಕಡೆ ಹೋಗತೊಡಗಿದರು. ಪಾಲುಗಳ ನಡುವಿನ ಸಂದಿ ಮುಚ್ಚುತ್ತ ಬಂತು.

ಕೊನೆಯ ಇಪ್ಪತ್ತು ಸೆಕೆಂಡು ಉಳಿದಾಗ ವಾರ್ನುಪೆ ನಲವತ್ತೊಂದು, ಷಿಲ್ಗಾಲೆಯ್ ನಲವತ್ತು. ಚೆಂಡು ಷಿಲ್ಗಾಲೆಯ್‌ನವರದು.

ಅವರು ಅವಸರಪಡಲಿಲ್ಲ. ಚೆಂಡು ಸುತ್ತಿ ಬಂದು ಯೊವಿತಾಳ ಕೈಸೇರಿತು, ಈ ಸಲ ಒಳಗೆ, ಸ್ತಾಸೆಯ ಎದುರಿಗೇ. ಯೊವಿತಾ ಬೆನ್ನು ಕೊಟ್ಟು ತಳ್ಳಿದಳು. ಸ್ತಾಸೆಯ ಎಡಗಾಲು ಒಂದು ಗೇಣು ಜಾರಿತು, ಮುಖ ಕಿವುಚಿತು. ಅದನ್ನು ನಾಲ್ವರೂ ನೋಡಿದರು. ಊಟದ ಬೆದರಿಕೆ ಎಲ್ಲಿ ಹೋಯಿತೋ, ನಾಲ್ವರೂ ಒಟ್ಟಿಗೆ ಅವಳ ಕಡೆ ಹೊರಟರು. ಬಲಗಡೆಯ ಮೂಲೆ ಖಾಲಿಯಾಯಿತು. ಅಲ್ಲಿ ಷಿಲ್ಗಾಲೆಯ್‌ನ ಒಬ್ಬಳು ಕೈಚಾಚಿ ನಿಂತದ್ದು ಕಂಡದ್ದು ಸ್ತಾಸೆಗೆ ಮಾತ್ರ.

"ಬರಬೇಡ್ರೇ!" ಎಂದು ಅವಳು ಅರಚಿದಳು. "ಇದು ನಂದು! ಲೈಮುತೆ, ಮೂಲೆ! ಮೂಲೆಗೆ ಹೋಗೇ!"

ಲೈಮುತೆ ಓಡುತ್ತಿದ್ದವಳು ಅರ್ಧದಲ್ಲೇ ತಿರುಗಿದಳು. ಅದೇ ಕ್ಷಣ ಯೊವಿತಾ ಚೆಂಡನ್ನು ಮೂಲೆಗೆ ಕಳಿಸಿದಳು. ಲೈಮುತೆ ತಲುಪಿದ್ದು ತಡವಾಗಿಯೇ. ಆದರೆ ಎರಡು ಕೈ ಬೀಸುತ್ತ, ಕೋಳಿ ಓಡಿಸುವವಳ ಹಾಗೆ ಕೂಗುತ್ತ ಬಂದಳು. ಎಸೆಯುವವಳ ಕಣ್ಣು ಒಂದು ಸಲ ಅವಳ ಕಡೆ ಹೋಯಿತು, ಅಷ್ಟೇ. ಚೆಂಡು ಬುಟ್ಟಿಯ ಅಂಚಿಗೆ ಬಡಿದು ನೇರ ಕೆಳಗೆ ಬಂತು. ಯೊವಿತಾ ಜಿಗಿದಳು, ಆದರೆ ಅವಳಿಗೂ ಚೆಂಡಿಗೂ ನಡುವೆ ಸ್ತಾಸೆಯ ಅಗಲವಾದ ಬೆನ್ನಿತ್ತು. ಸ್ತಾಸೆ ಜಿಗಿಯಲಿಲ್ಲ. ಎರಡೂ ಕಾಲು ಊರಿ ನಿಂತು ಕೈ ಚಾಚಿದಳು, ಬಂದ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡಳು. ಯಾರು ಕೇಳಿದರೂ ಕೊಡಲಿಲ್ಲ. ಕೊನೆಗೆ ರೆಫರಿ ಬಂದು, "ಅಮ್ಮಾ, ಆಟ ಮುಗೀತು, ಇನ್ನು ಬಿಡಬಹುದು" ಎಂದ.

ಕೈಕುಲುಕುವಾಗ ಯೊವಿತಾ ಹೇಳಿದಳು: "ಹೋದ ವಾರ ಈ ಗಂಟಲು ಎಲ್ಲಿ ಇಟ್ಟಿದ್ರಿ?"

ಬಟ್ಟೆ ಬದಲಾಯಿಸಿ ಬಂದಾಗ ಮೇಷ್ಟರು ಸ್ಕೋರ್ ಬರೆಯುವ ಮೇಜಿನಲ್ಲಿ ಕೂತಿದ್ದರು. ಎದುರಿಗೆ ಪಟ್ಟಿ, ಒಂಬತ್ತು ಹೆಸರು. ಪೆನ್ನನ್ನು ಅವಳ ಕಡೆ ತಳ್ಳಿದರು. ಲೈಮುತೆಯೂ ಸ್ಕಿರ್ಮಾಂತೆಯೂ ಚೆಂಡುಗಳನ್ನು ಬಲೆಚೀಲಕ್ಕೆ ತುಂಬುವ ನೆಪದಲ್ಲಿ ಹತ್ತಿರವೇ ಇದ್ದರು.

ಸ್ತಾಸೆ ಪೆನ್ನು ಮುಟ್ಟಲಿಲ್ಲ. "ಕಾಲು ವಾಸಿ ಆಗಿಲ್ಲ, ಮೇಷ್ಟ್ರೇ. ನಿಮ್ಮ ಆಟಕ್ಕೆ, ಒಬ್ಬಳ ಹಿಂದೆ ಓಡೋದಕ್ಕೆ, ನನ್ನಿಂದ ಇನ್ನು ಆಗಲ್ಲ. ಸುಳ್ಳು ಹೇಳಿ ಜಾಗ ಹಿಡ್ಕೊಳ್ಳಲ್ಲ ನಾನು."

"ನನ್ನ ಆಟ ಅಂತ ಯಾಕೆ ಅಂತೀಯ," ಎಂದರು ಮೇಷ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು, ಅದು ಒರೆಸಿ ಮುಗಿಯಲೇ ಇಲ್ಲ. "ಇವತ್ತು ಆಡಿದ್ದು ಹೇಗಿತ್ತು ಗೊತ್ತಾ? ಬೇಲಿ ಮುರಿದ ದನದ ದೊಡ್ಡಿ ಹಾಗಿತ್ತು. ಅದನ್ನ ಸರಿ ಮಾಡೋಕೆ ನನಗೆ ಎರಡು ವರ್ಷ ಬೇಕು. ಹಿಂದೆ ನಿಂತು ಕೂಗೋಳು ಇಲ್ದೇ ನಾನು ಯಾರಿಗೆ ಕಲಿಸ್ಲಿ?"

"ಅಂದ್ರೆ ಇನ್ನು ಝೋನಾ?" ಎಂದಳು ಲೈಮುತೆ, ಬಲೆಚೀಲದ ಹಿಂದಿನಿಂದ.

"ನಿನ್ನನ್ನ ಯಾರು ಕೇಳಿದ್ರು? ಹೌದು."

ಸ್ತಾಸೆ ಸ್ಕಿರ್ಮಾಂತೆಯ ಕಡೆ ನೋಡಿದಳು. "ನಿಂಗೆ?"

"ಸೆಪ್ಟೆಂಬರಿಗೆ ಜೀತಾ ಮಗಳ ಮನೆಗೆ ಹೋಗ್ತಾಳಂತೆ, ಆಗ ಬರ್ತೀನಿ," ಎಂದಳು ಆ ಹುಡುಗಿ. "ಅಲ್ಲಿವರೆಗೆ ಅಭ್ಯಾಸದಲ್ಲಿ ನಿಮ್ಮನ್ನ ದಾಟೋಕೆ ನೋಡ್ತಿರ್ತೀನಿ, ಚಿಕ್ಕಮ್ಮ. ಶುಕ್ರವಾರ ಆಗಲಿಲ್ಲ. ಸಿಟ್ಟು ಬಂದಿದೆ ನನಗೆ."

ಸ್ತಾಸೆ ಕುರ್ಚಿ ಎಳೆದು ಕೂತು, ಮೊಣಕಾಲನ್ನು ಮೇಜಿನ ಕೆಳಗೆ ನಿಧಾನಕ್ಕೆ ಚಾಚಿ, ಹತ್ತನೇ ಸಾಲಿನಲ್ಲಿ ತನ್ನ ಹೆಸರನ್ನು ಪೂರ್ತಿ ಬರೆದಳು: ಸ್ತಾನಿಸ್ಲಾವಾ ಬ್ರುಜಿಯೆನೆ. ಹುಟ್ಟಿದ ವರ್ಷದ ಕಾಲಂನಲ್ಲಿ ಒಂದು ಕ್ಷಣ ತಡೆದು, ಅದನ್ನೂ ಬರೆದಳು.

ಸೋಮವಾರ ಬೆಳಿಗ್ಗೆ ಅವಳಿಗೆ ದನಿ ಹೊರಡುತ್ತಿರಲಿಲ್ಲ. ಹಾಲು ಕೊಡುವವರೊಂದಿಗೆ ಕೈಸನ್ನೆಯಲ್ಲೇ ವ್ಯವಹಾರ. ಒಂಬತ್ತನೇ ನಿಲುಗಡೆಯಲ್ಲಿ ಹಸುಗಳ ಒಡತಿ, ಮುದುಕಿ, ಬಿಸಿ ಹಾಲಿಗೆ ಜೇನು ಕಲಸಿ ದೊಡ್ಡ ಲೋಟದಲ್ಲಿ ಅವಳ ಕೈಗಿಟ್ಟು, "ಶೀತಾನಾ? ಎರಡು ದಿನ ಮಲಗಬಾರದಾ?" ಎಂದಳು.

ಸ್ತಾಸೆ ಹಾಲು ಕುಡಿದು, ಬಾಯಿ ಒರೆಸಿಕೊಂಡು, ಉಸಿರಿನಲ್ಲೇ ಹೇಳಿದಳು: "ಆಗಲ್ಲ ಕಣಮ್ಮ. ನಾಳೆ ಮಂಗಳವಾರ. ಇನ್ನೊಂದು ಲೋಟ ಇದ್ರೆ ಕೊಡು."